ಗೇಟಿನ ಮನೆಯ ಹಿಂದಿನ ಗೋಡೆ

ಮಾಡಿನ ಮೇಲೆ ಎರಡು ಚಿಮ್ನಿ, ಒಳಗೆ ಬೆಂಕಿ ಹಾಕುವ ಗೂಡು ಮಾತ್ರ ಒಂದೇ. ಮೊದಲು ನಾನೇ ಎಲ್ಲೋ ಲೆಕ್ಕ ತಪ್ಪಿದ್ದೇನೆ ಅಂದುಕೊಂಡೆ. ಮತ್ತೆ ಒಳಗೆ ಹೋಗಿ ಗೋಡೆ ತಟ್ಟಿದೆ, ಹಳೇ ಗಿಲಾವು ಉದುರಿದ ಕಡೆಯಲ್ಲೆಲ್ಲ ಟಾರ್ಚ್ ಹಾಕಿ ನೋಡಿದೆ. ಗೂಡು ಮುಚ್ಚಿದ ಗುರುತಿಲ್ಲ, ಮಸಿಯ ಕಲೆಯೂ ಇಲ್ಲ. ಏಣಿ ಹತ್ತಿ ಅಟ್ಟದೊಳಗೆ ತಲೆ ತೂರಿಸಿದಾಗ ಗೊತ್ತಾಯಿತು. ಎಡಗಡೆಯ ಚಿಮ್ನಿ ಮಾಡಿನ ತೊಲೆಗಳ ಮೇಲೆ ಸುಮ್ಮನೆ ಕೂತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ರಸ್ತೆಯಲ್ಲಿ ಬರುವವರ ಕಣ್ಣಿಗೆ ಎರಡೂ ಬದಿ ಸಮವಾಗಿ ಕಾಣಲಿ ಅಂತ ಕಟ್ಟಿದ ಪೊಳ್ಳು ಚಿಮ್ನಿ ಅದು. ಅದರಡಿಯ ಕೋಣೆಯಲ್ಲಿ ಮಲಗುತ್ತಿದ್ದವರಿಗೆ ಚಳಿಗಾಲದಲ್ಲಿ ಕಾಯಿಸಿಕೊಳ್ಳಲು ಬೆಂಕಿಯಿಲ್ಲ, ಲೋಕಕ್ಕೆ ತೋರಿಸಲು ಚಿಮ್ನಿಯಿತ್ತು.

ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿದೀತು ಅನ್ನುವ ಆಸೆಯೂ ನನಗಿಲ್ಲ.

ಹಳೇ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು, ಅವುಗಳಲ್ಲಿ ಯಾವ ಭಾಗ ಉಳಿಯಬೇಕು, ಯಾವುದು ಹೋದರೂ ನಡೆಯುತ್ತದೆ ಅಂತ ವರದಿ ಕೊಡುವುದು ಆಗ ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ, ಗಂಡನ ಜೊತೆ ಸಿಡ್ನಿಗೆ ಬಂದವಳು ನಾನು. ನಾಲ್ಕು ವರ್ಷ ಅಲ್ಲಿಯ ಗಿರಾವೀನ್‌ನಲ್ಲಿದ್ದೆವು. ಅಲ್ಲಿಂದ ದಿನಾ ಹೋಗಿಬರುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ಈ ಕೆಲಸ ಕಲಿತೆ. ಕಲಿಸಿದವರು ಕಂಪನಿಯ ಡೈರೆಕ್ಟರೇ. ಕಲ್ಲಿನ ಸಂದಿಗೆ ಬೆರಳಿಟ್ಟು, ಗಾರೆಯನ್ನು ಉಜ್ಜಿ, ಇದು ಕಟ್ಟುವಾಗಲೇ ಹಾಕಿದ್ದೋ ಆಮೇಲೆ ಯಾರೋ ಮೆತ್ತಿದ್ದೋ ಅಂತ ಹೇಳುವುದನ್ನು ತೋರಿಸಿಕೊಟ್ಟವರು ಅವರು. ಗಂಡನ ಕೆಲಸ ಮೆಲ್ಬರ್ನ್‌ಗೆ ಬದಲಾಗಿ ನಾವು ಅಲ್ಲಿಯ ಟಾರ್ನೀಟ್‌ಗೆ ಹೊರಟಾಗ ಅವರು ನನ್ನನ್ನು ಬಿಡಲಿಲ್ಲ. "ಮೆಲ್ಬರ್ನ್ ಕಡೆಯದ್ದನ್ನೆಲ್ಲ ನೀನೇ ನೋಡಿಕೋ" ಅಂದರು. ನನಗೆ ಅವರ ಮೇಲೆ ತಂದೆಯ ಮೇಲಿರುವಂಥ ಗೌರವ ಇತ್ತು. ಇತ್ತು ಅಂತಲೇ ಬರೆಯುತ್ತೇನೆ.

ಆ ಪೊಳ್ಳು ಚಿಮ್ನಿಯ ಮನೆಗೆ ಇಲ್ಲಿ ಲಾಡ್ಜ್ ಅನ್ನುತ್ತಾರೆ. ನಮ್ಮೂರಲ್ಲಿ ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡ್ ಎದುರಿನ ಬಾಡಿಗೆ ರೂಮು. ಇದು ಬೇರೆ. ಸಾವಿರಾರು ಎಕರೆಯ ಕುರಿ ಎಸ್ಟೇಟಿನ ಹೆಬ್ಬಾಗಿಲ ಪಕ್ಕದಲ್ಲಿ, ಗೇಟು ತೆರೆದು ಮುಚ್ಚುವವರಿಗೆ ಅಂತ ಕಟ್ಟಿದ ಪುಟ್ಟ ಕಲ್ಲಿನ ಮನೆ. ಮಾಲೀಕರ ದೊಡ್ಡ ಮನೆ ಅಲ್ಲಿಂದ ಮೈಲಿಯಾಚೆ. ಅದು ಯಾವತ್ತೋ ಬೆಂಕಿಗೆ ಹೋಗಿತ್ತು. ಆ ನೆಲ ಎಸ್ಟೇಟ್ ಆಗುವ ಮುಂಚೆ ಯಾರದಾಗಿತ್ತು ಅನ್ನುವುದು ನನಗೆ ಕೊಟ್ಟ ಹಳೇ ಕಾಗದಗಳಲ್ಲಿ ಒಂದರಲ್ಲೂ ಇರಲಿಲ್ಲ. ಈಗ ಅಲ್ಲೆಲ್ಲ ಮನೆ ಸೈಟುಗಳು ಏಳುತ್ತಿವೆ. ಈ ಊರಲ್ಲಿ ಹೊಸ ಬಡಾವಣೆಗೂ ಎಸ್ಟೇಟ್ ಅಂತಲೇ ಹೆಸರು. ಬಡಾವಣೆ ಕಟ್ಟುವ ಬಿಲ್ಡರ್ ನಮ್ಮ ಕಂಪನಿಗೆ ಲಾಡ್ಜಿನ ವರದಿ ಕೇಳಿದ್ದ. ಸೈಟು ನನ್ನ ಮನೆಯಿಂದ ಕಾರಲ್ಲಿ ಹತ್ತು ನಿಮಿಷ.

ಮುಂದಿನಿಂದ ನೋಡಿದರೆ ಅದು ಚಂದದ ಮನೆ, ಅದರಲ್ಲಿ ಎರಡು ಮಾತಿಲ್ಲ. ಕಡಿದಾದ ಸ್ಲೇಟ್ ಮಾಡು. ಮಾಡಿನ ಅಂಚಿಗೆ ಕಸೂತಿಯ ಹಾಗೆ ಕೊರೆದ ಮರದ ಪಟ್ಟಿ. ಬ್ಲೂಸ್ಟೋನ್ ಅನ್ನುವ ನೀಲಿಗಪ್ಪು ಕಲ್ಲನ್ನು ಒಂದೊಂದಾಗಿ ಕೆತ್ತಿ, ಸಂದು ಕಾಣದ ಹಾಗೆ ಜೋಡಿಸಿದ ಸೈಜುಗಲ್ಲಿನ ಗೋಡೆ. ಬಲಕ್ಕೆ ಮುಂದಕ್ಕೆ ಚಾಚಿದ ಮೂರು ಮುಖದ ಕಿಟಕಿ, ಎಡಕ್ಕೆ ಕಲ್ಲಿನ ಚೌಕಟ್ಟಿನ ಇನ್ನೊಂದು ಕಿಟಕಿ. ಆ ಎಡಗಡೆಯ ಕಿಟಕಿಯ ಬಾಗಿಲು ತೆರೆಯಲು ಹೋದರೆ ಹಿಂದೆ ಕಲ್ಲು. ಕಪ್ಪು ಬಣ್ಣ ಬಳಿದ ಕಲ್ಲು. ದೂರದಿಂದ ಗಾಜಿನ ಹಾಗೆ ಕಾಣಲಿ ಅಂತ. ಪೊಳ್ಳು ಚಿಮ್ನಿಯ ಕೆಳಗೆ ಕುರುಡು ಕಿಟಕಿ.

ಆ ಕಿಟಕಿಯ ಹಿಂದೆ ಇದ್ದದ್ದು ಮಲಗುವ ಕೋಣೆ. ಉದ್ದಕ್ಕೆ ಹಿಂದಿನ ಗೋಡೆಯವರೆಗೂ ಹೋಗುವ ಆ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ. ದೊಡ್ಡ ಮನೆಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಹಾಯುತ್ತದೆ. ಗೇಟು ತೆಗೆಯುವವರು ಮಾಲೀಕರ ಗಾಡಿಯೊಳಗೆ ಇಣುಕಬಾರದು ಅಂತ ಆ ಪಕ್ಕಕ್ಕೆ ಬರೀ ಗೋಡೆ. ಗೇಟಿನ ಕಂಬದಿಂದ ಬಂದ ತಂತಿಯೊಂದು ಗೋಡೆ ತೂರಿ ಹಾಸಿಗೆ ಇರಬಹುದಾದ ಜಾಗದ ಮೇಲೆ ಮುಗಿಯುತ್ತಿತ್ತು. ಗಂಟೆ ಕಟ್ಟಿದ ಕೊಕ್ಕೆ ಇನ್ನೂ ಅಲ್ಲೇ ಇತ್ತು. ಬೆಳಕು ಒಳಗೆ ಬಾರದ ಕೋಣೆಗೆ ಗಂಟೆ ಮಾತ್ರ ಬರುತ್ತಿತ್ತು.

ಹಿಂದಕ್ಕೆ ಹೋದರೆ ಬೇರೆಯೇ ಮನೆ. ಸೈಜುಗಲ್ಲು ಮೂಲೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆ ಹೊಲದಲ್ಲಿ ಆಯ್ದ ಕಾಡುಗಲ್ಲು, ನಡುವೆ ಮಣ್ಣು ಜಾಸ್ತಿ ಸುಣ್ಣ ಕಡಿಮೆ. ನಾನು ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಾದ, ತಗಡಿನ ಚಾವಣಿಯ ಅಡಿಗೆಮನೆ. ಆದರೆ ಕಾಡುಗಲ್ಲೂ ಸೈಜುಗಲ್ಲೂ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂಡಿದಂತೆ ಒಂದರೊಳಗೊಂದು ಕಚ್ಚಿಕೊಂಡಿದ್ದವು. ಒಂದೇ ಸಲ ಕಟ್ಟಿದ ಗೋಡೆಗಳು ಮಾತ್ರ ಹಾಗಿರುತ್ತವೆ. ಹಿಂಭಾಗ ಆಮೇಲೆ ಅಂಟಿಸಿದ್ದಲ್ಲ. ಕಟ್ಟಿದ ದಿನದಿಂದಲೇ ಮುಂದೆ ಹಾಗೆ, ಹಿಂದೆ ಹೀಗೆ.

ನನ್ನ ತಾಯಿ ಹುಟ್ಟಿದ್ದು ಧಾರವಾಡದ ಒಂದು ಬಂಗಲೆಯ ಔಟ್‌ಹೌಸಿನಲ್ಲಿ. ಅಜ್ಜ ಅಲ್ಲಿ ಅಡಿಗೆಯವರು. "ಬಂಗಲೆ ಕಡೆ ನಮಗ ಕಿಟಕಿ ಇರಲಿಲ್ಲ ನೋಡು" ಅಂತ ಅವ್ವ ಒಮ್ಮೆ ಹೇಳಿದ್ದಳು, ಯಾವುದೋ ಮಾತಿನ ಮಧ್ಯೆ. ನಾನು ಯಾಕೆ ಅಂತ ಕೇಳಿರಲಿಲ್ಲ. ಅಳತೆಯ ಟೇಪು ಹಿಡಿದು ಆ ಕತ್ತಲೆಯ ಕೋಣೆಯಲ್ಲಿ ನಿಂತಾಗ, ಕೇಳದೆ ಬಿಟ್ಟದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು.

ಮೂರನೆಯ ದಿನ ಅಳೆಯುತ್ತಿದ್ದಾಗ ಗೇಟಿನ ಹತ್ತಿರ ಒಂದು ಕಾರು ನಿಂತಿತು. ಐವತ್ತರ ಹೆಂಗಸೊಬ್ಬರು ಇಳಿದು, ಇದನ್ನು ಕೆಡವುತ್ತಾರಾ ಅಂತ ಕೇಳಿದರು. ಇನ್ನೂ ತೀರ್ಮಾನವಾಗಿಲ್ಲ ಅಂದೆ. "ನಮ್ಮ ದೊಡ್ಡಮ್ಮ ಹುಟ್ಟಿದ್ದು ಇದರಲ್ಲೇ. ಬಾಕ್ಸ್ ಹಿಲ್‌ನ ವೃದ್ಧರ ಕೇರ್ ಹೋಮ್‌ನಲ್ಲಿದ್ದಾರೆ. ತಲೆ ಇನ್ನೂ ಚುರುಕಾಗಿದೆ. ಹೋಗಿ ಮಾತಾಡಿಸಿ" ಅಂತ ನಂಬರ್ ಕೊಟ್ಟರು.

ಆ ಶನಿವಾರ ಬಾಕ್ಸ್ ಹಿಲ್‌ಗೆ ಹೋದೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಎತ್ತರದ ಅಪಾರ್ಟ್‌ಮೆಂಟುಗಳ ನೆರಳಿನಲ್ಲಿ ಆ ಹೋಮ್. ಎಂಬತ್ತು ದಾಟಿದ ಮುದುಕಿ, ಬಿಸಿಲು ಬೀಳುವ ಕಿಟಕಿಗೆ ಕುರ್ಚಿ ಎಳೆಸಿಕೊಂಡು ಕೂತಿದ್ದರು. ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ನಾನು ಲ್ಯಾಪ್‌ಟಾಪ್ ತೆರೆದು ಲಾಡ್ಜಿನ ಫೋಟೋ ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಇನ್ನೂ ನಿಂತಿದೆಯಾ ಅದು" ಅಂದರು. "ಕೆಡವಿ ಹಾಕಿ."

ನಾನು ನೋಟ್‌ಬುಕ್ ತೆಗೆದೆ. ಅವರೇ ಮುಂದುವರಿಸಿದರು.

ಅವರ ಅಪ್ಪ ಎಸ್ಟೇಟಿನಲ್ಲಿ ಕುದುರೆ, ಬೇಲಿ ನೋಡಿಕೊಳ್ಳುವ ಆಳು. ಮನೆ ಬಿಟ್ಟಿ, ಅದರ ಬದಲಿಗೆ ಗೇಟಿನ ಕೆಲಸ ಅಮ್ಮನದು. ಗಂಟೆ ಬಾರಿಸಿದರೆ ಯಾವ ಹೊತ್ತಾದರೂ ಓಡಬೇಕು. ಮೂರು ಮುಖದ ಕಿಟಕಿಯ ಕೋಣೆ ಒಪ್ಪವಾಗಿರಬೇಕು, ಯಾಕೆಂದರೆ ಬಂದವರಿಗೆ ಅದು ಕಾಣುತ್ತದೆ. ಮಕ್ಕಳು ಅಲ್ಲಿ ಕೂರುವ ಹಾಗಿಲ್ಲ. ಅತಿಥಿಗಳು ಬರುವ ದಿನ ಮಾತ್ರ ಅಲ್ಲಿಯ ಗೂಡಿನಲ್ಲಿ ಬೆಂಕಿ. "ಚಿಮ್ನಿಯಿಂದ ಹೊಗೆ ಬರುತ್ತಿದ್ದರೆ ನೋಡಲು ಚೆನ್ನ ಅಂತ ಮಾಲೀಕನ ಹೆಂಡತಿ ಹೇಳಿದ್ದಳಂತೆ. ನಾವು ಹಿಂದೆ ಅಡಿಗೆಮನೆಯಲ್ಲಿ ಕೋಟು ಹಾಕಿಕೊಂಡು ಊಟ ಮಾಡುತ್ತಿದ್ದೆವು."

"ನಿಮ್ಮ ಕೈಗೆ ಏನಾಯಿತು?" ಅಂತ ಕೇಳಿದೆ.

"ನನಗೆ ಏಳು ವರ್ಷ. ಮಧ್ಯಾಹ್ನ. ಒಳಗೆ ಅಮ್ಮನಿಗೆ ಹೆರಿಗೆ ನೋವು, ನನ್ನ ತಂಗಿ ಹುಟ್ಟುವ ಹೊತ್ತು. ಅಪ್ಪ ಸೂಲಗಿತ್ತಿಯನ್ನು ಕರೆಯಲು ಹೋಗಿದ್ದ. ಗಂಟೆ ಬಾರಿಸಿತು. ಅಮ್ಮ ಏಳಲು ನೋಡಿದಳು, ಆಗಲಿಲ್ಲ. ನಾನು ಓಡಿದೆ. ಕಬ್ಬಿಣದ ಗೇಟು, ಗಾಳಿ ಬೇರೆ. ತೆಗೆದೆ. ಕಾರು ಒಳಗೆ ಬಂತು. ಗೇಟು ತಿರುಗಿ ಬಂದು ಕಂಬಕ್ಕೂ ಅದಕ್ಕೂ ನಡುವೆ ನನ್ನ ಬೆರಳು ಸಿಕ್ಕಿಕೊಂಡವು. ಕಾರಿನ ಗಾಜು ಇಳಿಸಿ ಮಾಲೀಕ ಅಂದ, 'ಸರಿಯಾಗಿ ಹಾಕು, ಕುರಿ ಆಚೆ ಹೋಗುತ್ತವೆ' ಅಂತ. ಹೊರಟುಹೋದ. ನಾನು ಒಂದು ಕೈಯಲ್ಲಿ ಗೇಟು ಹಾಕಿದೆ."

ಅವರು ಇದನ್ನು ಹವಾಮಾನ ಹೇಳಿದಂತೆ ಹೇಳಿದರು. ನಾನು ಹಿಂದಿನ ಗೋಡೆಯ ಫೋಟೋ ತೆರೆದೆ. ಮಲಗುವ ಕೋಣೆಯ ಕಡೆ, ಮಂಡಿಯೆತ್ತರದಲ್ಲಿ, ಗಾರೆಯೇ ಇಲ್ಲದ ಒಂದು ಸಡಿಲ ಕಲ್ಲು ಕಂಡಿದ್ದೆ. ಗೋಡೆ ಹಾಳಾಗುತ್ತಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದನ್ನು ತೋರಿಸಿದ್ದೇ ಅವರ ಮುಖ ಬದಲಾಯಿತು.

"ಅದು ಅಪ್ಪ ಕಿತ್ತ ಕಲ್ಲು. ಕೈ ಊದಿ ನಾನು ಮಲಗಿದ್ದಾಗ, ಹೊರಗೆ ಕಾಣಲಿ ಅಂತ. ದಿನಾ ಬೆಳಿಗ್ಗೆ ತೆಗೆಯುತ್ತಿದ್ದೆವು. ಯಜಮಾನರ ಕಡೆಯವರು ಮನೆ ನೋಡಲು ಬಂದರೆ ಮತ್ತೆ ತುರುಕುತ್ತಿದ್ದೆವು. ಅಲ್ಲಿಂದ ಬಯಲು ಪೂರ್ತಿ ಕಾಣುತ್ತಿತ್ತು."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಹೇಳಿದರು: "ಕೆಡವುವುದಾದರೆ ಪೂರ್ತಿ ಕೆಡವಿ. ಉಳಿಸುವುದಾದರೆ ಹಿಂದಿನದನ್ನು ಉಳಿಸಿ. ಮುಂದಿನದು ಅವರ ಮನೆ. ನಾವಿದ್ದದ್ದು ಹಿಂದೆ."

ಎರಡು ವಾರ ಕೂತು ವರದಿ ಬರೆದೆ. ಪೊಳ್ಳು ಚಿಮ್ನಿ, ಕುರುಡು ಕಿಟಕಿ, ಗಂಟೆಯ ತಂತಿ, ಕಚ್ಚಿಕೊಂಡ ಮೂಲೆಗಲ್ಲು, ಅಪ್ಪ ಕಿತ್ತ ಕಲ್ಲು, ಎಲ್ಲವನ್ನೂ ಅಳತೆ ಸಮೇತ ಹಾಕಿದೆ. ಈ ಕಟ್ಟಡದ ಅರ್ಥ ಇರುವುದು ಮುಂದಿಗೂ ಹಿಂದಿಗೂ ಇರುವ ವ್ಯತ್ಯಾಸದಲ್ಲಿ, ಹಿಂಭಾಗ ತೆಗೆದರೆ ಉಳಿಯುವುದು ಸುಳ್ಳು ಮಾತ್ರ ಅಂತ ಕೊನೆಗೆ ಬರೆದು ಸಿಡ್ನಿಗೆ ಕಳಿಸಿದೆ.

ಹತ್ತು ದಿನದ ಮೇಲೆ ವಾಪಸ್ ಬಂದ ಪ್ರತಿಯಲ್ಲಿ ನನ್ನ ಹೆಸರಿತ್ತು, ನನ್ನ ಮಾತಿರಲಿಲ್ಲ. ಮುಂಭಾಗ ಅತ್ಯುತ್ತಮ, ಉಳಿಸತಕ್ಕದ್ದು. ಹಿಂಭಾಗ ನಂತರದ ಸೇರ್ಪಡೆ, ಮಹತ್ವ ಕಡಿಮೆ, ತೆಗೆಯಬಹುದು. ಮುದುಕಿಯ ವಿಷಯ ಒಂದು ಸಾಲೂ ಇಲ್ಲ. ಕೆಳಗೆ ನಾನು ಸಹಿ ಹಾಕಲು ಖಾಲಿ ಗೆರೆ.

ಫೋನಿನಲ್ಲಿ ಮಾತಾಡುವ ವಿಷಯವಲ್ಲ ಅನ್ನಿಸಿ ಮಾರನೆಯ ಬೆಳಿಗ್ಗೆಯ ಫ್ಲೈಟಿಗೆ ಬುಕ್ ಮಾಡಿ ಸಿಡ್ನಿಗೆ ಹೋದೆ. ಡೈರೆಕ್ಟರ್ ಎದ್ದು ಬಂದು ಕಾಫಿ ತರಿಸಿದರು. ನಾನು ಮೂಲೆಗಲ್ಲಿನ ಫೋಟೋವನ್ನು ಅವರ ಮೇಜಿನ ಮೇಲೆ ಇಟ್ಟೆ.

"ಇದು ಆಮೇಲೆ ಸೇರಿಸಿದ್ದಾ?" ಅಂತ ಕೇಳಿದೆ. "ನೋಡಿ ಹೇಳಿ. ನೋಡುವುದನ್ನು ನನಗೆ ಕಲಿಸಿದ್ದು ನೀವು."

ಅವರು ಫೋಟೋದ ಕಡೆ ಸರಿಯಾಗಿ ನೋಡಲಿಲ್ಲ. "ಅದು ಅಭಿಪ್ರಾಯದ ಪ್ರಶ್ನೆ" ಅಂದರು.

"ಅಲ್ಲ. ಕಲ್ಲು ಕಚ್ಚಿದೆಯೋ ಇಲ್ಲವೋ ಅನ್ನುವುದು ಅಭಿಪ್ರಾಯ ಅಲ್ಲ."

"ಅಲ್ಲಿ ಕಾರ್ ಪಾರ್ಕಿಂಗ್ ಬರುತ್ತದೆ. ಪ್ಲಾನ್ ಆಗಲೇ ಆಗಿದೆ. ನಾವು ಹಠ ಹಿಡಿದರೆ ಅವರು ಇನ್ನೊಬ್ಬರ ಹತ್ತಿರ ಹೋಗಿ ಪೂರ್ತಿ ಕೆಡವುವ ವರದಿ ಬರೆಸುತ್ತಾರೆ. ನಾನು ಅರ್ಧವನ್ನಾದರೂ ಉಳಿಸಿದ್ದೇನೆ. ನೀನು ಈ ಕೆಲಸಕ್ಕೆ ಸ್ವಲ್ಪ ಭಾವುಕಳಾದೆ."

ಆ ಪದ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಂಚು ಇಂಚು ಅಳೆದವಳು ನಾನು ಭಾವುಕಳಂತೆ. ಮೆಲ್ಬರ್ನ್‌ಗೆ ಕಾಲೇ ಇಡದೆ ಗೋಡೆಯ ವಯಸ್ಸು ಬದಲಾಯಿಸಿದವರು ವೃತ್ತಿಪರರಂತೆ. ಸಹಿ ಹಾಕುವುದಿಲ್ಲ ಅಂದೆ. ಬೇರೆಯವರಿಂದ ಹಾಕಿಸುತ್ತೇನೆ ಅಂದರು. ಕೆಲಸ ಬಿಡುತ್ತೇನೆ ಅಂದೆ. ಅವರು ತಡೆಯಲಿಲ್ಲ. ಕಾಫಿ ಹಾಗೇ ಬಿಟ್ಟು ಎದ್ದು ಬಂದೆ.

ಮನೆಗೆ ಬಂದು ಹೇಳಿದಾಗ ಗಂಡ ಕುಕ್ಕರ್ ಇಡುತ್ತಿದ್ದವನು ತಿರುಗಿ ನೋಡಿದ. "ಅದೇನು ನಿನ್ನ ಮನೀನ? ಯಾರದೋ ಹಳೇ ಮನಿ ಸಲುವಾಗಿ ಕೆಲಸಾ ಬಿಟ್ಟು ಬಂದಿ?"

"ಹೌದು, ಬಿಟ್ಟು ಬಂದೆ" ಅಂದೆ. "ನಿನಗ ಹೇಳದ ಬಿಟ್ಟಿದ್ದು ತಪ್ಪು. ಬಿಟ್ಟಿದ್ದು ತಪ್ಪಲ್ಲ."

ಅವನು ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ತಾನೇ, ಕಟ್ಟಲು ಕೆಡವಲು ಒಪ್ಪಿಗೆ ಕೊಡುವ ಸ್ಥಳೀಯ ಕೌನ್ಸಿಲ್ಲಿನ ವೆಬ್‌ಸೈಟು ಹುಡುಕಿ, ಸಬರ್ಬಿನ ನಿವಾಸಿಗಳು ಆಕ್ಷೇಪ ಸಲ್ಲಿಸುವ ಅರ್ಜಿಯನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ.

ಆಕ್ಷೇಪ ಹಾಕಿದೆ. ಹಿಯರಿಂಗ್‌ಗೆ ಕರೆದರು. ನಾನು ನಕ್ಷೆಗಳನ್ನು ತೆರೆಯುವ ಮೊದಲೇ ಬಿಲ್ಡರ್ ಕಡೆಯ ಲಾಯರ್ ಎದ್ದು ನಿಂತ. "ಇವರು ಕಟ್ಟಡದ ಒಳಗೆ ಹೋಗಿದ್ದು ನಮ್ಮ ಕೆಲಸದ ಮೇಲೆ. ಆ ನಕ್ಷೆಗಳು ಕಂಪನಿಯ ಸೊತ್ತು. ಇಲ್ಲಿ ತೋರಿಸುವ ಹಕ್ಕು ಇವರಿಗಿಲ್ಲ" ಅಂದ. ಮೂರು ಜನರ ಪ್ಯಾನೆಲ್ ತಮ್ಮತಮ್ಮಲ್ಲಿ ಪಿಸುಗುಟ್ಟಿ, ಅದು ಸರಿ ಅಂದಿತು. ಗೋಡೆಯನ್ನು ಕಣ್ಣಾರೆ ನೋಡಿದ್ದೆ ಅನ್ನುವ ಕಾರಣಕ್ಕೇ ಗೋಡೆಯ ಬಗ್ಗೆ ಮಾತಾಡುವಂತಿಲ್ಲ. ನೋಡದವರ ವರದಿ ಮಾತ್ರ ಅವರ ಮುಂದೆ ಮೇಜಿನ ಮೇಲಿತ್ತು.

ಹಾಗಾಗಿ ಎರಡನೆಯ ದಿನ ಮುದುಕಿಯೇ ಬಂದರು. ನಾನು ಬೇಡ ಅಂದಿದ್ದೆ. ಬಾಕ್ಸ್ ಹಿಲ್‌ನಿಂದ ಗಂಟೆಗೂ ಹೆಚ್ಚು ದಾರಿ, ವೀಲ್‌ಚೇರ್ ಹತ್ತುವ ಟ್ಯಾಕ್ಸಿ ಬೇರೆ ಆಗಬೇಕು. "ಕೆಡವಿ ಅಂತ ಹೇಳಲಿಕ್ಕಾದರೂ ಬರುತ್ತೇನೆ" ಅಂದಿದ್ದರು. ನಿವಾಸಿಯಲ್ಲದ ಕಾರಣ ಅವರಿಗೆ ಐದೇ ನಿಮಿಷ ಕೊಟ್ಟರು. ಅವರು ಎಡಗೈ ಎತ್ತಿ ತೋರಿಸಿ, ನನಗೆ ಹೇಳಿದ್ದನ್ನೆಲ್ಲ ಹೇಳಿದರು. ಅಡಿಗೆಮನೆ ಆಮೇಲೆ ಕಟ್ಟಿದ್ದೋ ಅಂತ ಪ್ಯಾನೆಲ್ಲಿನವರು ಕೇಳಿದರು. "ನನ್ನ ಅಜ್ಜಿಯೂ ಅಲ್ಲೇ ಪಾತ್ರೆ ತೊಳೆದವಳು. ಅದಿಲ್ಲದಿದ್ದರೆ ನಾವೇನು ಚಂದದ ಕಿಟಕಿ ತಿನ್ನುತ್ತಿದ್ದೆವಾ?" ಅಂದರು. ಹಿಂದೆ ಕೂತ ಯಾರೋ ನಕ್ಕರು. ಪ್ಯಾನೆಲ್ಲಿನ ಅಧ್ಯಕ್ಷೆ ನಗಲಿಲ್ಲ. ಮನಮುಟ್ಟುವ ನೆನಪುಗಳನ್ನು ಹಂಚಿಕೊಂಡದ್ದಕ್ಕೆ ಧನ್ಯವಾದ ಹೇಳಿ, ಗಡಿಯಾರ ನೋಡಿದರು.

ತೀರ್ಪು ಬಂದಾಗ ಆ ಐದು ನಿಮಿಷಕ್ಕೆ ಅದರಲ್ಲಿ ಒಂದೇ ವಾಕ್ಯ ಸಿಕ್ಕಿತ್ತು: ನೆನಪುಗಳು ಕಟ್ಟಡದ ಕಾಲ ನಿರ್ಣಯಕ್ಕೆ ಆಧಾರವಾಗಲಾರವು. ಹಿಂಭಾಗ ತೆಗೆಯಲು ಒಪ್ಪಿಗೆ.

ಕೆಡವುವ ದಿನ ನಾನು ಬೇಲಿಯಾಚೆ ನಿಂತಿದ್ದೆ. ಯಂತ್ರಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಮೂಲೆಯಲ್ಲಿ ಮಾತ್ರ ಒದ್ದಾಡಿತು. ಕಾಡುಗಲ್ಲು ಎಳೆದರೆ ಸೈಜುಗಲ್ಲೂ ಜೊತೆಗೆ ಕಿತ್ತು ಬರುತ್ತಿತ್ತು. ಕೊನೆಗೆ ಗರಗಸ ತಂದು ಕಲ್ಲನ್ನೇ ಕೊಯ್ದರು. ಆಮೇಲೆ ಸೇರಿಸಿದ ಗೋಡೆಯಾಗಿದ್ದರೆ ಗರಗಸ ಯಾಕೆ ಬೇಕಿತ್ತು? ಸೈಟ್ ಮ್ಯಾನೇಜರನ್ನು ಹಾಗೆಂದು ಕೇಳಿದೆ. ಅವನು ಬೇಲಿಯಿಂದ ಹಿಂದೆ ಸರಿಯಿರಿ ಅಂದ. ಮುದುಕಿಯ ಅಪ್ಪ ಕಿತ್ತ ಆ ಕಲ್ಲೊಂದನ್ನು ಕೊಡಿ ಅಂದೆ. ಸೇಫ್ಟಿ ರೂಲ್ಸ್ ಪ್ರಕಾರ ಏನನ್ನೂ ಕೊಡುವ ಹಾಗಿಲ್ಲ ಅಂದ. ಅಷ್ಟರಲ್ಲಿ ಅದು ಯಾವ ರಾಶಿಯಲ್ಲಿತ್ತೋ.

ಆಮೇಲೆ ನಾನು ಮತ್ತು ಮುದುಕಿ ಒಂದು ಕೆಲಸ ಮಾಡಿದೆವು. ಕಂಪನಿಯ ನಕ್ಷೆಗಳನ್ನು ನಾನು ಬಳಸುವ ಹಾಗಿರಲಿಲ್ಲ. ಅವರ ನೆನಪನ್ನು ಯಾವ ಕಂಪನಿಯೂ ತನ್ನದು ಅನ್ನಲಾರದು. ಪ್ರತಿ ಶನಿವಾರ ಬಾಕ್ಸ್ ಹಿಲ್‌ಗೆ ಹೋಗಿ, ದೊಡ್ಡ ಹಾಳೆ ಹರಡಿ, ಅವರು ಹೇಳಿದ ಹಾಗೆ ಮನೆಯ ಹಿಂಭಾಗ ಬರೆದೆ. "ಬಾಗಿಲು ಇನ್ನೂ ತಗ್ಗು. ಅಪ್ಪ ಬಗ್ಗಿಯೇ ಒಳಗೆ ಬರುತ್ತಿದ್ದ" ಅಂತ ತಿದ್ದುತ್ತಿದ್ದರು. ಹಾಸಿಗೆ ಎಲ್ಲಿತ್ತು, ನೀರಿನ ಡ್ರಮ್ಮು ಎಲ್ಲಿ, ತಂಗಿ ಹುಟ್ಟಿದ್ದು ಯಾವ ಮೂಲೆ, ಎಲ್ಲ ಸೇರಿತು. ಆ ಹಾಳೆಗಳು ಈಗ ನಮ್ಮ ಕಡೆಯ ಲೈಬ್ರರಿಯಲ್ಲಿವೆ. ಕೇಳಿದರೆ ತೆಗೆದು ತೋರಿಸುತ್ತಾರೆ.

ಲಾಡ್ಜ್ ಕೆಫೆ ಆಯಿತು. ಉದ್ಘಾಟನೆಗೆ ಬಿಲ್ಡರ್ ಕಡೆಯವರು ಮುದುಕಿಯನ್ನೂ ಕರೆದರು, ಪತ್ರಿಕೆಯ ಫೋಟೋಕ್ಕೆ ಬೇಕಿತ್ತೇನೋ. ಅವರು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಕುರುಡು ಕಿಟಕಿಗೆ ಹೊಸ ಕಪ್ಪು ಬಣ್ಣ. ಹಿಂದೆ ನೆಲದಿಂದ ಚಾವಣಿಯವರೆಗೆ ಗಾಜು, ಆಚೆ ಕಾರುಗಳು. ಬಾಗಿಲ ಪಕ್ಕ ಹಿತ್ತಾಳೆಯ ಬೋರ್ಡು: ಎಸ್ಟೇಟಿನ ಗೇಟು ಕಾಯುವವರ ಕುಟುಂಬಗಳು ಈ ಸುಂದರ ಮನೆಯಲ್ಲಿ ತಲೆಮಾರುಗಳ ಕಾಲ ಸುಖವಾಗಿ ಬಾಳಿದವು.

ಮುದುಕಿ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಕೆಫೆಯ ಮ್ಯಾನೇಜರನ್ನು ಹತ್ತಿರ ಕರೆದು, ದನಿ ಏರಿಸದೆ, "ಇದು ಸುಳ್ಳು. ತೆಗೆಯಿರಿ" ಅಂದರು. ಆತ ನಗುತ್ತಾ ಪರಿಶೀಲಿಸುತ್ತೇವೆ ಅಂದ. ಅವರು ಕೇಕು ಮುಟ್ಟದೆ ಟ್ಯಾಕ್ಸಿ ಕರೆಸಿದರು.

ಅಂದಿನಿಂದ ನಾನು ಬಿಲ್ಡರಿಗೆ ತಿಂಗಳಿಗೊಂದು ಪತ್ರ ಬರೆಯುತ್ತಿದ್ದೇನೆ. ಬೋರ್ಡಿನಲ್ಲಿ ಏನಿರಬೇಕು ಅನ್ನುವುದನ್ನು ಮುದುಕಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ, ಇಬ್ಬರೂ ಸಹಿ ಹಾಕುತ್ತೇವೆ. ಹೊಸ ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಹೋದ ವಾರ ಆ ಕೆಫೆಯ ಮುಂದೆ ಕಾರು ನಿಲ್ಲಿಸಿದೆ. ಬೋರ್ಡು ಹೊಸದಾಗಿತ್ತು. ಹತ್ತಿರ ಹೋಗಿ ಓದಿದೆ. ಎಲ್ಲ ಹಾಗೇ ಇತ್ತು, 'ಸುಖವಾಗಿ' ಅನ್ನುವ ಪದವೊಂದನ್ನು ತೆಗೆದಿದ್ದರು.

ಅಲ್ಲಿಂದಲೇ ಮುದುಕಿಗೆ ಫೋನ್ ಮಾಡಿದೆ.

"ಉಳಿದದ್ದು?" ಅಂತ ಕೇಳಿದರು.

"ಉಳಿದದ್ದು ಹಾಗೇ ಇದೆ."

"ಹಾಗಾದರೆ ಇನ್ನೊಂದು ಬರಿ. ಸುಂದರ ಅನ್ನುವುದನ್ನೂ ತೆಗೆಯಲಿ. ಗೇಟು ಕಾದದ್ದು ಅಮ್ಮ ಅಂತ ಹಾಕಲಿ."

ಶನಿವಾರ ಬರೆದೆವು. ಇನ್ನೂ ಉತ್ತರ ಬಂದಿಲ್ಲ.